ಮೋರ್ಯರ ಮನೆಗಳು

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಕನ್ನಡ ನಾಡಿನ ಗುಡ್ಡಗಾಡುಗಳಲ್ಲಿ ದನ ಮೇಯಿಸಲು, ಕಟ್ಟಿಗೆ ತರಲು, ಜಾತ್ರೆ ಪರಿಷೆಗಳಿಗೆ ನಡೆದುಹೋಗಿ ಬರುವವರು ಅಲ್ಲಲ್ಲಿ ಒಂದು ಬಗೆಯ ಕಲ್ಲುಕಟ್ಟಡಗಳನ್ನು ಕಂಡಿರಬೇಕು. ಮೂರು ಅಥವಾ ನಾಲ್ಕು ಚಪ್ಪಡಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಅವುಗಳ ನೆತ್ತಿಗೆ ಒಂದು ದೊಡ್ಡ ಹಾಸುಗಲ್ಲನ್ನು ಹೊದಿಸಿರುವರು. ಗಾರೆಯಿಲ್ಲ, ಮಣ್ಣಿಲ್ಲ, ವಿಗ್ರಹವಿಲ್ಲ, ಅಕ್ಷರವೊಂದೂ ಇಲ್ಲ. ಹಲವು ಕಡೆ ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಂಡಿಯೊಂದುಂಟು. ಇವುಗಳನ್ನು ಯಾರು ಕಟ್ಟಿದರೆಂದು ಕೇಳಿದರೆ ಹಿರಿಯರು ‘ಮೋರ್ಯರು’ ಎಂಬ ಉತ್ತರವನ್ನು ಕೊಡುವರು. ಮೋರ್ಯರು ಯಾರೆಂದು ಕೇಳಿದರೆ, ಅವರು ಗಿಡ್ಡರು, ಮೊಳಗಾತ್ರದ ಜನ, ಆ ಕಂಡಿಯಲ್ಲಿ ನುಸುಳಿ ಒಳಹೊಕ್ಕು ಬಾಳುತ್ತಿದ್ದವರು, ಈಗ ಇಲ್ಲದವರು ಎಂಬುದಾಗಿ ಹೇಳುವರು. ವಿಚಾರವು ಅಲ್ಲಿಗೆ ನಿಲ್ಲುತ್ತದೆ. ಇಂದಿನ ಉಪನ್ಯಾಸಕ್ಕೆ ಆ ಮೋರ್ಯರ ಮನೆಗಳೇ ವಿಷಯ.

ಇಂಥ ಕಲ್ಮನೆಗಳು ಒಂದೇ ತಾಣದಲ್ಲಿ ಅತ್ಯಧಿಕವಾಗಿ ಕಾಣುವ ಎಡೆಗಳಲ್ಲಿ ಹಿರೇಬೆಣಕಲ್ಲು ಮುಖ್ಯವಾದುದು. ಅದು ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರೆಯ ಎಡದಂಡೆಯ ಕಡೆಗೆ, ಗಂಗಾವತಿಯಿಂದ ಪಡುವಣಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಊರನ್ನು ಬಿಟ್ಟು ಬಂಡೆಗಳ ನಡುವಣ ಕಾಲುದಾರಿಯನ್ನು ಹಿಡಿದು ಏರಿದರೆ, ಗುಡ್ಡಗಳ ಮೇಲಣ ಬಯಲಿನಲ್ಲಿ ಸುಮಾರು 400 ಕಲ್ಲುಕಟ್ಟಡಗಳು ಒಂದು ಊರಿನಂತೆಯೇ ಹರಡಿಕೊಂಡಿರುವುದು ಕಣ್ಣಿಗೆ ಬೀಳುವುದು. ಕೆಲವು ಮೂರು ಅಡಿಗಿಂತಲೂ ಗಿಡ್ಡ. ಕೆಲವು ಎಂಟು ಹತ್ತು ಅಡಿ ಎತ್ತರದವು, ಆಳು ನೆಟ್ಟಗೆ ನಿಂತರೂ ತಲೆ ತಗಲದು. ಅವುಗಳ ನಡುವೆ ಕೇರಿಗಳಂತೆ ಸಾಲುಗಳೂ ತೋರುವುವು. ನೀರಿರುವ ಒಂದು ಕೊಳವೂ ಅಲ್ಲಿದೆ. ಸಮೀಪದ ಬಂಡೆಗಳ ಆಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದಿಂದ ಬರೆದ ಮನುಷ್ಯರ, ಜಿಂಕೆಗಳ, ಗೂಳಿಗಳ ಚಿತ್ರಗಳುಂಟು. ಹೀಗಿರಲು, ನೋಡಿದವರ ಬಾಯಿಂದ ‘ಮನೆ’ ಎಂಬ ಮಾತು ಹೊರಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಹೆಸರಿನ ವಿಷಯದಲ್ಲಿ ಒಂದು ಚೋದ್ಯವುಂಟು. ಕೊಪ್ಪಳ, ಸುರಪುರದ ಸೀಮೆಗಳಲ್ಲಿ ಈ ಕಲ್ಲುಗಳು ಗಿಡ್ಡರಾದ ಮೋರ್ಯರ ಮನೆಗಳು. ತೆಲುಗು ಸೀಮೆಯಲ್ಲಿ ಇಂಥವೇ ಕಲ್ಲುಗಳಿಗೆ ರಾಕ್ಷಸರ ಗುಡಿಗಳೆಂದು ಹೆಸರು. ಕೊಡಗಿನಲ್ಲಿ ಪಾಂಡವರ ಹೆಸರು. ತಮಿಳುನಾಡಿನಲ್ಲಿ ಹೂಳಿರುವ ಗೋರಿಗಳಿಗೆ ಪಾಂಡುಕುಳಿ ಎಂಬ ಹೆಸರು. ಒಂದೇ ಬಗೆಯ ಕಟ್ಟಡವನ್ನು ಒಂದು ಕಡೆ ಮೊಳದೆತ್ತರದವರೂ ಇನ್ನೊಂದು ಕಡೆ ತಾಳೆಮರದೆತ್ತರದವರೂ ಕಟ್ಟಿದರೆಂದು ಹೇಳುವುದಾದರೆ, ಹೇಳಿದವರು ಕಲ್ಲಿನ ಬೇರೆಬೇರೆ ಅಂಗಗಳನ್ನು ನೋಡಿ ಹೇಳಿದರೆಂದೇ ತಿಳಿಯಬೇಕು. ಕಂಡಿಯನ್ನು ನೋಡಿದವರಿಗೆ ಗಿಡ್ಡರು ಹೊಳೆದರು. ಮೇಲಿನ ಹಾಸುಗಲ್ಲಿನ ಭಾರವನ್ನು ನೋಡಿದವರಿಗೆ ರಾಕ್ಷಸರು ಹೊಳೆದರು. ಎರಡೂ ಕಡೆಯಲ್ಲಿ ಒಪ್ಪಿರುವ ಮಾತು ಒಂದೇ: ಕಟ್ಟಿದವರು ಈ ಊರಿನವರಲ್ಲ, ಈ ಜನರಂಥವರಲ್ಲ ಎಂಬುದು.

ಈ ಮಾತನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ವಿದ್ಯಾವಂತರೂ ಇದನ್ನೇ ಆಡಿದರು. ಸುರಪುರ ಸಂಸ್ಥಾನದ ಎಳೆಯ ಅರಸನ ಕಾಲದಲ್ಲಿ, 1841ರಿಂದ 1853ರವರೆಗೆ, ಅಲ್ಲಿಯ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯು ಈ ಕಲ್ಲುಕಟ್ಟಡಗಳನ್ನು ಅಕ್ಕರೆಯಿಂದ ಹುಡುಕಿ, ಅಳೆದು, ಅಗೆಸಿ, ಚಿತ್ರಗಳನ್ನು ಬರೆದು ಪ್ರಕಟಿಸಿದನು. ರಾಜನಕೋಳೂರಿನ ಕಲ್ಮನೆಗಳನ್ನು ಜನರು ಮೋರಿಯರ ಮನೆಗಳೆಂದು ಕರೆಯುವರೆಂಬುದನ್ನೂ ಅವನೇ ಬರೆದಿಟ್ಟನು. ಅವನ ಶ್ರಮಕ್ಕೆ ಕನ್ನಡ ನಾಡು ಕೃತಜ್ಞವಾಗಿರಬೇಕು. ಆದರೆ ಅವನ ಸಿದ್ಧಾಂತವು ಬೇರೆ. ತನ್ನ ದೇಶದ ಕಡೆಯಲ್ಲಿಯೂ ಇಂಥ ಕಲ್ಲುಗಳನ್ನು ಕಂಡಿದ್ದ ಅವನಿಗೆ, ಕೆಲ್ಟರೆಂಬುವರೋ ಸಿಥಿಯರೆಂಬುವರೋ ದೂರದಿಂದ ಬಂದು ಇಲ್ಲಿಯೂ ಕಟ್ಟಿಹೋದರೆಂದು ತೋರಿತು. ಹಳ್ಳಿಯ ಮುದುಕನು ಮೋರ್ಯನೆಂದದ್ದನ್ನು ಸಾಹೇಬನು ಸಿಥಿಯನೆಂದನು, ಅಂತರವಿಷ್ಟೆ. ಕಲ್ಲಿನ ಮೇಲೆ ಕಲ್ಲು ಹೇರುವುದನ್ನು ಕಲಿಯಲು ಒಂದು ಜನಾಂಗವು ಇನ್ನೊಂದರ ಮನೆಬಾಗಿಲಿಗೆ ಹೋಗಬೇಕಾಗಿಲ್ಲವೆಂಬುದು ಆ ಕಾಲದ ವಿದ್ವಾಂಸರಿಗೆ ಸುಲಭವಾಗಿ ತೋಚಲಿಲ್ಲ.

ಇನ್ನು ಕೆಲವರು ಮೋರ್ಯರೆಂದರೆ ಮೌರ್ಯರೇ ಎಂದು ವಾದಿಸುವರು. ಈ ವಾದಕ್ಕೆ ಮೇಲ್ನೋಟಕ್ಕೆ ಬಲವುಂಟು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳು 1931ರಲ್ಲಿ ಬೆಳಕಿಗೆ ಬಂದುವು. ಅದಕ್ಕೂ ಮುಂಚೆ 1915ರಲ್ಲಿ ಮಸ್ಕಿಯ ಶಾಸನವೂ, 1892ರಲ್ಲಿ ಬಿ. ಎಲ್. ರೈಸರಿಂದ ಬ್ರಹ್ಮಗಿರಿಯ ಶಾಸನವೂ ದೊರೆತಿದ್ದುವು. ಮೌರ್ಯರ ಆಜ್ಞೆಯು ಈ ನೆಲಕ್ಕೆ ಮುಟ್ಟಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಶೋಕನ ಕಾಲವು ಕ್ರಿಸ್ತಪೂರ್ವ ಮೂರನೆಯ ಶತಮಾನ. ಹಿರೇಬೆಣಕಲ್ಲಿನ ಕಲ್ಮನೆಗಳಿಗೆ ವಿದ್ವಾಂಸರು ಹೇಳುವ ಕಾಲವು ಸುಮಾರಾಗಿ ಕ್ರಿಸ್ತಪೂರ್ವ 800ರಿಂದ 200ರವರೆಗಿನದು. ಪಾಟಲಿಪುತ್ರದಲ್ಲಿ ಮೌರ್ಯವಂಶವು ತಲೆಯೆತ್ತುವುದಕ್ಕೆ ನೂರಾರು ವರ್ಷ ಮೊದಲೇ ಈ ಗುಡ್ಡಗಳಲ್ಲಿ ಚಪ್ಪಡಿಗಳು ನಿಂತಿದ್ದುವು. ಆದಕಾರಣ ಮೌರ್ಯರು ಇವುಗಳನ್ನು ಕಟ್ಟಿದವರಲ್ಲ. ಶಬ್ದದ ಹೋಲಿಕೆಯನ್ನು ನೆಚ್ಚಿ ಇತಿಹಾಸವನ್ನು ಕಟ್ಟಲಾಗದು.

ಹಾಗಾದರೆ ಇವು ಏನು, ಯಾರವು? ಹಿರೇಬೆಣಕಲ್ಲಿನ ಹಲವು ಕಲ್ಮನೆಗಳು ಬಂಡೆಯ ಮೇಲೆಯೇ ಬಯಲಿಗೆ ಬಿದ್ದು ನಿಂತಿರುವುದರಿಂದ ಒಳಗಣ ವಸ್ತುಗಳು ಉಳಿಯುವುದು ಕಷ್ಟ. ಉತ್ತರವು ದೊರೆತದ್ದು ನೆಲದೊಳಗೆ ಹುದುಗಿದ್ದ ಗೋರಿಗಳಿಂದ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನವಿರುವ ಬೆಟ್ಟದ ತಪ್ಪಲಿನಲ್ಲಿಯೇ, ಇಂಥ ಗೋರಿಗಳು ನೂರಾರು ಇವೆ. ಅಲ್ಲಿ ಮೊದಲು ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರೂ, ತರುವಾಯ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ಮಾಡಿಸಿದರು. ದುಂಡಗೆ ಜೋಡಿಸಿದ ಗುಂಡುಕಲ್ಲುಗಳ ಬಳೆಯೊಳಗೆ ನೆಲವನ್ನು ತೋಡಿ, ನಾಲ್ಕು ಚಪ್ಪಡಿಗಳಿಂದ ಪೆಟ್ಟಿಗೆಯಂತಹ ಕೋಣೆಯನ್ನು ಮಾಡಿದ್ದರು. ಆ ಚಪ್ಪಡಿಗಳನ್ನು ನಿಲ್ಲಿಸಿದ ಜಾಣ್ಮೆಯನ್ನು ಗಮನಿಸಬೇಕು. ಪ್ರತಿಯೊಂದು ಚಪ್ಪಡಿಯೂ ತನ್ನ ಪಕ್ಕದ ಚಪ್ಪಡಿಯ ಅಂಚನ್ನು ದಾಟಿ ಸ್ವಲ್ಪ ಮುಂದಕ್ಕೆ ಚಾಚಿಕೊಂಡು, ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುವುದು. ಇದರಿಂದ ಹೊರಗಿನ ಮಣ್ಣು ಎಷ್ಟೇ ಒತ್ತಿದರೂ ಕಲ್ಲುಗಳು ಒಂದನ್ನೊಂದು ಆನಿಸಿಕೊಂಡು ಒಳಕ್ಕೆ ಬೀಳದೆ ನಿಲ್ಲುವುವು. ಪೂರ್ವದ ಚಪ್ಪಡಿಯಲ್ಲಿ ದುಂಡುಕಂಡಿ. ಒಳಗೆ ಒಂದು ಪಾರ್ಶ್ವ ಕಪ್ಪಾಗಿ ಇನ್ನೊಂದು ಪಾರ್ಶ್ವ ಕೆಂಪಾಗಿ ಸುಟ್ಟ, ನುಣುಪಾಗಿ ಉಜ್ಜಿದ ಮಡಕೆ ಬಟ್ಟಲುಗಳು, ಕಬ್ಬಿಣದ ಆಯುಧಗಳು, ಮತ್ತು ಮನುಷ್ಯರ ಎಲುಬುಗಳು.

ಆ ಎಲುಬುಗಳೇ ಕಂಡಿಯ ಗೂಢವನ್ನು ಬಿಡಿಸಿದುವು. ಅಲ್ಲಿ ಇದ್ದುದು ಒಬ್ಬನ ಇಡೀ ದೇಹವಲ್ಲ. ಹಲವರ ತಲೆಬುರುಡೆಗಳೂ ಕೈಕಾಲಿನ ಉದ್ದೆಲುಬುಗಳೂ ಕೂಡಿಟ್ಟಂತೆ ಇದ್ದುವು. ಎಂದರೆ, ಸತ್ತವರ ದೇಹವನ್ನು ಮೊದಲು ಬೇರೆಡೆ ಇರಿಸಿ, ಕಾಲಾಂತರದಲ್ಲಿ ಉಳಿದ ಎಲುಬುಗಳನ್ನು ಆಯ್ದು ತಂದು ಈ ಕಲ್ಲುಕೋಣೆಯಲ್ಲಿ ಸೇರಿಸುತ್ತಿದ್ದರು. ಒಂದು ಮನೆತನದವರು ತಲೆಮಾರಿನ ಮೇಲೆ ತಲೆಮಾರು ಒಂದೇ ಕೋಣೆಯನ್ನು ಬಳಸಿದರೆಂದು ಊಹಿಸಲು ಇದು ಎಡೆಗೊಡುತ್ತದೆ. ಕಂಡಿಯು ಗಿಡ್ಡರು ನುಸುಳುವುದಕ್ಕಲ್ಲ. ಹಿರಿಯರ ಅಸ್ಥಿಗಳ ಬಳಿಗೆ ಕಿರಿಯರು ಮರಳಿ ಮರಳಿ ಬರುವುದಕ್ಕಾಗಿ ಬಿಟ್ಟ ಬಾಗಿಲೆಂದು ತಿಳಿಯುವುದೇ ಯುಕ್ತವಾಗಿದೆ. ಈ ಅರ್ಥದಲ್ಲಿ ಜನರು ‘ಮನೆ’ ಎಂದದ್ದು ಸುಳ್ಳಲ್ಲ. ಬಾಳಿದವರ ಮನೆಯಲ್ಲ, ಬಾಳಿ ಹೋದವರ ಮನೆ.

ಇಲ್ಲಿ ಸದ್ಭಕ್ತರ ಮನಸ್ಸಿಗೆ ಒಂದು ಆಲೋಚನೆಯು ಬರುವುದು ಸಹಜ. ಲಿಂಗಾಯತರಲ್ಲಿ ದಹನವಿಲ್ಲ, ಭೂಮಿಯಲ್ಲಿ ಸಮಾಧಿ ಮಾಡುವ ಪದ್ಧತಿ. ಆದ್ದರಿಂದ ಈ ಕಲ್ಲುಕೋಣೆಗಳೂ ಪುರಾತನ ಶಿವಭಕ್ತರ ಗದ್ದುಗೆಗಳೇ ಆಗಿರಬೇಕೆಂದು ಕೆಲವರು ಆಡಿಕೊಳ್ಳುವುದುಂಟು. ಅಭಿಮಾನದ ಮಾತು ಕೇಳಲು ಹಿತವಾದರೂ ನಿಜಕ್ಕೆ ಹೊಂದದು. ಲಿಂಗಾಯತರ ಸಮಾಧಿಯಲ್ಲಿ ಇಡೀ ದೇಹವನ್ನು, ಕೂಡಲೇ, ಕುಳ್ಳಿರಿಸಿ, ಇಷ್ಟಲಿಂಗ ಸಹಿತವಾಗಿ ಭೂಮಿಗೆ ಒಪ್ಪಿಸುವರು. ಬ್ರಹ್ಮಗಿರಿಯ ಗೋರಿಗಳಲ್ಲಾದರೋ ತಡವಾಗಿ, ಹಲವರ ಬಿಡಿ ಎಲುಬುಗಳನ್ನು, ಮಡಕೆ ಆಯುಧಗಳೊಡನೆ ಕೂಡಿಟ್ಟಿದ್ದಾರೆ. ಬಸವಾದಿ ಶರಣರ ಕಾಲವು 12ನೆಯ ಶತಮಾನ. ಇವು ಅದಕ್ಕಿಂತ ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಹಿಂದಿನವು. ತನ್ನದಲ್ಲದ ಹಿರಿಮೆಯನ್ನು ತನ್ನದೆಂದು ಬರೆದುಕೊಳ್ಳುವುದು ಮಠದ ಹೆಸರಿಗೆ ಭೂಷಣವಲ್ಲ.

ಕಬ್ಬಿಣದ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ವೀಲರ್ ಅವರು, ಕಲ್ಲುಕೊಡಲಿಯ ಜನರು ಇಲ್ಲಿ ಬಾಳುತ್ತಿರಲು ಕಬ್ಬಿಣವನ್ನು ಹಿಡಿದ ಹೊಸ ಜನರು ಹೊರಗಿನಿಂದ ಬಂದು ನೆಲೆಸಿ ಈ ಗೋರಿಗಳನ್ನು ಕಟ್ಟಿದರೆಂದು ಅಭಿಪ್ರಾಯಪಟ್ಟರು. ಕಾಲವನ್ನೂ ಬಹಳ ಈಚೆಗೆ, ಕ್ರಿಸ್ತಪೂರ್ವ ಎರಡನೆಯ ಶತಮಾನಕ್ಕೆ ತಂದರು. ಆದರೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದಲ್ಲಿ, 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಿಂದ, ಕ್ರಿಸ್ತಪೂರ್ವ 1000ದ ಸುಮಾರಿಗೇ ಇಲ್ಲಿ ಕಬ್ಬಿಣವು ಬಳಕೆಯಲ್ಲಿತ್ತೆಂಬುದು ತಿಳಿದುಬಂದಿತು. ಕಲ್ಲುಕೊಡಲಿಯ ಕಾಲದ ಪದರಕ್ಕೂ ಕಬ್ಬಿಣದ ಕಾಲದ ಪದರಕ್ಕೂ ನಡುವೆ ಊರು ಹಾಳಾಗಿ ಹೊಸಬರು ಬಂದು ಕಟ್ಟಿದ ಗುರುತಿಲ್ಲ. ಒಂದರೊಳಗೊಂದು ಬೆರೆತು ಸಾಗಿದೆ. ಅದೇ ಊರು, ಅದೇ ಹೊಳೆ, ಅದೇ ದನಕರುಗಳು. ಕೈಯಲ್ಲಿನ ಆಯುಧ ಮಾತ್ರ ಬದಲಾಯಿತು. ಹೀಗೆ ಮೋರ್ಯ, ರಾಕ್ಷಸ, ಪಾಂಡವ, ಸಿಥಿಯ, ಮೌರ್ಯ, ಕಬ್ಬಿಣದ ದಂಡು ಎಂಬ ಪರದೇಶಿಗಳೆಲ್ಲರೂ ಒಬ್ಬೊಬ್ಬರಾಗಿ ಹಿಂದೆ ಸರಿದ ಮೇಲೆ, ಕಲ್ಲುಗಳ ಮುಂದೆ ಉಳಿದವರು ಈ ನೆಲದಲ್ಲಿಯೇ ಹುಟ್ಟಿ, ದನ ಮೇಯಿಸಿ, ರಾಗಿ ನವಣೆಯಂತಹ ಕಾಳು ಬೆಳೆದು, ಕುಲುಮೆ ಊದಿ, ಸತ್ತವರು. ಅವರ ಬೀಜವು ಎಲ್ಲಿಗೂ ಹೋಗಿಲ್ಲ. ಈ ಸಭೆಯಲ್ಲಿ ಕುಳಿತವರ ರಕ್ತದಲ್ಲಿಯೂ ಅದರ ಪಾಲಿರಬಹುದೆಂದರೆ ಅತಿಶಯೋಕ್ತಿಯಾಗದು.

ಅವರು ಈ ಚಪ್ಪಡಿಗಳನ್ನು ಹೇಗೆ ಎಬ್ಬಿಸಿದರೆಂಬುದೂ ದೆವ್ವದ ವಿದ್ಯೆಯೇನಲ್ಲ. ಆ ಸೀಮೆಯ ಕಣಶಿಲೆಯ ಬಂಡೆಗಳಿಗೆ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಡಿಸಿಕೊಳ್ಳುವ ಗುಣವುಂಟು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಒಟ್ಟಿ, ಕಾದ ಪದರವು ಕೆಳಗಿನಿಂದ ಸಡಿಲವಾಗುತ್ತ ಬಂದಂತೆ ಬೆಂಕಿಯನ್ನು ಮುಂದುಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದನ್ನು ಕೇಳಿ ಎಲ್ಲಿ ಬಿಟ್ಟಿದೆಯೆಂದು ತಿಳಿಯುವುದು. ತರುವಾಯ ಒಡೆದು ಎಬ್ಬಿಸುವುದು. ಬೆಂಗಳೂರಿನ ಕಲ್ಲುಗಣಿಗಳಲ್ಲಿ 19ನೆಯ ಶತಮಾನದ ಕೊನೆಯಲ್ಲಿಯೂ ಕಲ್ಲುಕುಟಿಗರು ಇದೇ ರೀತಿಯಿಂದ ಅಂಗಳದಷ್ಟು ಅಗಲದ ಹಲಗೆಗಳನ್ನು ಬಿಡಿಸುತ್ತಿದ್ದುದನ್ನು ನೋಡಿದವರು ಬರೆದಿಟ್ಟಿದ್ದಾರೆ. ಹಿರೇಬೆಣಕಲ್ಲಿನ ಕೊಳವು ಹೀಗೆ ಕಲ್ಲು ತೆಗೆದ ತಗ್ಗೇ ಆಗಿರಬೇಕೆಂದು ವಿದ್ವಾಂಸರು ಹೇಳುವರು. ಕಲ್ಲೂ ಅಲ್ಲಿಯೇ, ಗೋರಿಯೂ ಅಲ್ಲಿಯೇ, ದುಡಿದವರಿಗೆ ಕುಡಿಯುವ ನೀರೂ ಅಲ್ಲಿಯೇ. ಆದರೂ ಅಂಥ ಹಲಗೆಯೊಂದನ್ನು ಎಬ್ಬಿಸಿ, ಸಾಗಿಸಿ, ನಿಲ್ಲಿಸಿ, ಮೇಲೊಂದನ್ನು ಏರಿಸಲು ಹಗ್ಗ, ಹಾರೆ, ಮರದ ದಿಮ್ಮಿಗಳ ಜೊತೆಗೆ ಒಂದು ಊರಿನ ಜನವೆಲ್ಲ ಒಮ್ಮನಸ್ಸಿನಿಂದ ಕೈಗೂಡಿಸಬೇಕು. ಅಷ್ಟು ದಿನ ಅವರಿಗೆ ಉಣಲಿಕ್ಕುವವರೂ ಬೇಕು. ಬಾಳುವುದಕ್ಕೆ ಅವರು ಕಟ್ಟಿಕೊಂಡದ್ದು ಮಣ್ಣಿನ ಗೋಡೆ, ಹುಲ್ಲಿನ ಮಾಡು. ಅವುಗಳ ಕುರುಹು ಅಗೆದರೆ ಮಾತ್ರ ಸಿಕ್ಕುವುದು. ಕಲ್ಲನ್ನು ಅವರು ಸತ್ತವರಿಗೆ ಮೀಸಲಿಟ್ಟರು.

ಎಲ್ಲ ಕಲ್ಲುಗಳೂ ಗೋರಿಗಳೇ ಎಂದಲ್ಲ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಬಯಲಿನಲ್ಲಿ ಸಾಲುಸಾಲಾಗಿ ಲೆಕ್ಕವಿಟ್ಟು ಜೋಡಿಸಿದ್ದಾರೆ. ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆ ನಿಲಸ್ಕಲ್ ಎಂಬಲ್ಲಿ ಎತ್ತರವಾದ ನಿಲುವುಗಲ್ಲುಗಳಿವೆ. ಊರಿನ ಹೆಸರೇ ಕಲ್ಲಿನದು. ಆ ಕಲ್ಲುಗಳ ಜೋಡಣೆಯು ಉತ್ತರಾಯಣ ದಕ್ಷಿಣಾಯನಗಳ ಸಂಧಿಯಲ್ಲಿ ಸೂರ್ಯನು ಮೂಡುವ ಮುಳುಗುವ ದಿಕ್ಕನ್ನು ತೋರುವುದೆಂದು ಈಚಿನ ಸಂಶೋಧಕರ ಮತ. ಪಂಚಾಂಗವನ್ನು ಕೈಯಲ್ಲಿ ಹಿಡಿದವರಿಗೆ ಇದು ವಿಸ್ಮಯವಾಗಿ ತೋರಬಹುದು. ಬಿತ್ತನೆಯ ಕಾಲವನ್ನು ಆಕಾಶ ನೋಡಿಯೇ ತಿಳಿಯಬೇಕಾಗಿದ್ದವರಿಗೆ ಅದು ಅಗತ್ಯದ ವಿದ್ಯೆ. ಬಳ್ಳಾರಿ ರಾಯಚೂರು ಸೀಮೆಗಳ ಬೂದಿದಿಬ್ಬಗಳ ಕಥೆಯೂ ಇಲ್ಲಿ ನೆನಪಿಗೆ ಬರುವುದು. ಹಂಪೆಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿಯೆನ್ನುವರು. ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರಿನ ದಿಬ್ಬವನ್ನು ಅಗೆಸಿ, 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥವು ನೂತನ ಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿಯು ಬೆಂದು ಆದ ಬೂದಿಯೆಂದು ತೋರಿಸಿದರು. ಸಗಣಿಯ ಬೂದಿಯೆಂದೊಡನೆ ಮೂಗು ಮುರಿಯುವವರುಂಟು. ಹಣೆಗೆ ವಿಭೂತಿಯನ್ನು ಧರಿಸುವವರಿಗೆ ಅದು ಹಗುರವಾದ ವಸ್ತುವಾಗಿ ತೋರಬಾರದು.

ಮತ್ತೆ ಬ್ರಹ್ಮಗಿರಿಗೆ. ಅಲ್ಲಿಯ ಶಾಸನವು ಇಸಿಲವೆಂಬ ಪಟ್ಟಣದ ಅಧಿಕಾರಿಗಳನ್ನು ಸಂಬೋಧಿಸಿದೆ. ತಾಯಿತಂದೆಗಳ ಮಾತನ್ನು ಕೇಳಿ ನಡೆಯಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಅದನ್ನು ಬರೆದ ಲಿಪಿಕಾರನು ಚಪಡನೆಂಬುವನು. ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದು ತಾನು ದೂರದವನೆಂಬುದರ ಸುಳಿವನ್ನು ಉಳಿಸಿದನು. ಆ ಆಜ್ಞೆಯನ್ನು ಓದಿ ಹೇಳಿದಾಗ ಕೇಳಿಸಿಕೊಂಡ ಜನರು ಯಾರು? ಬೆಟ್ಟದ ತಪ್ಪಲಲ್ಲಿ ಹಿರಿಯರ ಅಸ್ಥಿಗಳನ್ನು ಕಲ್ಲುಕೋಣೆಯಲ್ಲಿ ಇರಿಸುತ್ತ ಬಂದಿದ್ದವರೇ, ಅಥವಾ ಅವರ ಮಕ್ಕಳು ಮೊಮ್ಮಕ್ಕಳೇ ಅಲ್ಲವೆ? ತಾಯಿತಂದೆಗಳನ್ನು ಗೌರವಿಸಿರೆಂದು ಚಕ್ರವರ್ತಿಯು ದೂರದಿಂದ ಹೇಳಿಕಳುಹಿಸಿದುದು ಅದನ್ನು ಬೆನ್ನು ಬಾಗಿಸಿ ಮಾಡುತ್ತ ಬಂದಿದ್ದವರಿಗೇ. ಲಿಪಿಕಾರನ ಹೆಸರನ್ನು ಪಾಠಶಾಲೆಯ ಹುಡುಗನೂ ಬಲ್ಲನು. ಕಲ್ಲೆತ್ತಿದವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ಗೋರಿಯೊಳಗೆ ಯಾವ ಮಡಕೆ ಎಲ್ಲಿದೆ, ಯಾವ ಎಲುಬು ಯಾವುದರ ಮಗ್ಗುಲಿಗಿದೆ, ಕಬ್ಬಿಣವು ತಲೆಯ ಕಡೆಗೋ ಕಾಲಿನ ಕಡೆಗೋ ಎಂಬ ಅಣಿಯೊಂದೇ ಅವರು ಬಿಟ್ಟುಹೋದ ಬರಹ.

ಆ ಬರಹವನ್ನು ಈಗ ಅಳಿಸುತ್ತಿರುವವರು ಪರದೇಶಿಗಳಲ್ಲ. ನಿಕ್ಷೇಪದ ಆಸೆಯಿಂದ ಅಮಾವಾಸ್ಯೆಯ ರಾತ್ರಿ ಹಾರೆ ಗುದ್ದಲಿ ಹಿಡಿದು ಹೋಗುವವರು, ಹೊಲದ ಬದುವಿಗೆಂದೋ ಬಚ್ಚಲ ಹಾಸಿಗೆಂದೋ ಚಪ್ಪಡಿಯನ್ನು ಬಂಡಿಗೆ ಹೇರುವವರು, ಜಲ್ಲಿಗಾಗಿ ಸಿಡಿಮದ್ದು ಇಡುವವರು, ಇವರೆಲ್ಲ ಊರವರೇ. ‘ಮೋರ್ಯರದ್ದಲ್ಲವೆ, ಕೇಳುವವರಾರು’ ಎಂಬ ಮಾತು ಅವರ ಬಾಯಲ್ಲಿದೆ. ಪರರ ಮನೆಯೆಂದು ಹೆಸರಿಟ್ಟದ್ದರ ಫಲವು ಇದು. ಅಗೆದವರಿಗೆ ಒಳಗೆ ಸಿಕ್ಕುವುದು ಹೊನ್ನಿನ ಕೊಪ್ಪರಿಗೆಯಲ್ಲ. ಒಡಕು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಪುಡಿಯಾಗುವ ಎಲುಬು. ಅವರಿಗೆ ಅದು ಕಸ, ಬಿಸುಟು ಬರುವರು. ಆದರೆ ಅಣಿಯು ಕೆಟ್ಟಿತು. ಇನ್ನು ಯಾವ ವಿದ್ವಾಂಸನೂ ಅದನ್ನು ಓದಲಾರನು. ಅಜ್ಜನ ಗದ್ದುಗೆಯ ಕಲ್ಲನ್ನು ಕಿತ್ತು ಬಚ್ಚಲಿಗೆ ಹಾಸುವ ಭಕ್ತನು ಈ ಸಭೆಯಲ್ಲಿ ಒಬ್ಬನೂ ಇರಲಾರನು. ಆದರೆ ಯಾರ ಅಜ್ಜನೆಂದು ತಿಳಿಯದ ಮಾತ್ರಕ್ಕೆ ಅಜ್ಜನಲ್ಲವೆಂದಾಗುವುದೆ?

ಸರಕಾರವು ಕೈಕಟ್ಟಿ ಕುಳಿತಿಲ್ಲ. 1958ರ ಪುರಾತನ ಸ್ಮಾರಕಗಳ ಕಾಯಿದೆಯು ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳನ್ನು ಕೆಡಿಸುವುದನ್ನು ಅಪರಾಧವೆನ್ನುತ್ತದೆ. 2010ರ ತಿದ್ದುಪಡಿಯಂತೆ ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು. ಹಿರೇಬೆಣಕಲ್ಲು ಅಂಥ ರಕ್ಷಣೆಯಲ್ಲಿದೆ. 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೆ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದೆ ಹೊಲಗಳ ನಡುವೆ ಎರಡು, ಗುಡ್ಡದ ಓರೆಯಲ್ಲಿ ನಾಲ್ಕು ಎಂಬಂತೆ ನಿಂತಿರುವ ಕಲ್ಲುಗಳು ಎಷ್ಟೋ ಇವೆ. ಅವುಗಳಿಗೆ ಕಾವಲು ಆ ಹೊಲದ ಒಡೆಯನೇ. ಶ್ರೀಮಠದ ಶಿಷ್ಯರಲ್ಲಿ ಅಂಥ ಹೊಲಗಳ ಒಡೆಯರೂ, ಊರಿನ ಗೌಡರೂ, ಶಾಲೆಯ ಗುರುಗಳೂ ಇದ್ದಾರೆ. ತಮ್ಮ ಊರಿನ ಎಲ್ಲೆಯೊಳಗೆ ಇಂಥ ಕಲ್ಲು ಎಲ್ಲಿ, ಎಷ್ಟು, ಜನರು ಏನೆಂದು ಕರೆಯುವರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪುರಾತತ್ತ್ವ ಇಲಾಖೆಗೆ ಕಳುಹಿಸಿದರೆ ಅದೊಂದು ದೊಡ್ಡ ಉಪಕಾರವಾಗುವುದು. ಜನರು ಹೇಳುವ ಕಥೆಯನ್ನೂ ಬಿಡದೆ ಬರೆಯಬೇಕು. ಕಥೆಯು ಇತಿಹಾಸವಲ್ಲದಿದ್ದರೂ ಕಲ್ಲನ್ನು ಈವರೆಗೆ ಕಾಯ್ದದ್ದರಲ್ಲಿ ಅದರ ಪಾಲು ಉಂಟು. ಮೋರ್ಯರ ಭಯದಿಂದ ಮುಟ್ಟದೆ ಬಿಟ್ಟ ಕಲ್ಲುಗಳೂ ಇರಬೇಕು.

ಹಿರೇಬೆಣಕಲ್ಲನ್ನು ನೋಡಬೇಕೆನ್ನುವವರು ಛಳಿಗಾಲದಲ್ಲಿ, ಬಿಸಿಲೇರುವ ಮುಂಚೆ ಹೊರಡುವುದು ಒಳ್ಳೆಯದು. ದಾರಿಯು ಬಂಡೆಗಳ ನಡುವೆ ಕವಲೊಡೆಯುವುದರಿಂದ ಊರಿನವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಳ್ಳಬೇಕು. ಅಲ್ಲಿ ಸುಮಾರು ಹತ್ತು ಮೀಟರ್ ಎತ್ತರದ ಬಂಡೆಯ ನೆತ್ತಿಯ ಮೇಲೆ ಕಲ್ಲಿನ ನಗಾರಿಯೊಂದು ಕುಳಿತಿದೆ. ನಗಾರಿಯಂತೆಯೇ ಅರ್ಧಗೋಲಾಕಾರ, ಅಡ್ಡಳತೆ ಎರಡು ಮೀಟರಿಗೂ ಹೆಚ್ಚು. ಮರದ ಕೊಡತಿಯಿಂದ ಬಡಿದರೆ ಅದರ ಸದ್ದು ಒಂದು ಕಿಲೋಮೀಟರ್ ದೂರಕ್ಕೆ ಕೇಳುವುದೆನ್ನುವರು. ಹಿರಿಯರ ಎಲುಬುಗಳನ್ನು ಹೊತ್ತು ತರುವ ದಿನ ಸುತ್ತಣ ಹಳ್ಳಿಗಳಿಗೆ ಅದೇ ಡಂಗುರವಾಗಿದ್ದಿತೋ ಏನೋ. ಕಲ್ಲಿನಿಂದ ಕುಟ್ಟಿ ಅದರ ಮೈಯನ್ನು ಗಾಯಗೊಳಿಸಬಾರದು.